ಚರ್ಮದ ಗಂಟನ್ನು ಹಿಸುಕಬೇಡಿ

ಬೆನ್ನ ಮೇಲೆ, ಕಿವಿಯ ಹಿಂದೆ, ಕತ್ತಿನಲ್ಲಿ ಇಲ್ಲವೇ ತಲೆಯಲ್ಲಿ ಕಡಲೆಕಾಳಿನಷ್ಟೋ ಅಡಿಕೆಯಷ್ಟೋ ದಪ್ಪದ ಒಂದು ಗಂಟು. ನೋವಿಲ್ಲ, ಜ್ವರವಿಲ್ಲ. ಯಾವಾಗಿನಿಂದ ಇದೆ ಎಂದು ಕೇಳಿದರೆ ‘ಮದುವೆಗೆ ಮುಂಚಿನಿಂದಲೂ ಇದೆ ಸಿಸ್ಟರ್’ ಎನ್ನುವವರು ಬಹಳ ಮಂದಿ. ಇಂಥ ಗಂಟುಗಳಲ್ಲಿ ಬಹಳಷ್ಟನ್ನು ವೈದ್ಯರು ನಿಮ್ಮ ಚೀಟಿಯಲ್ಲಿ ‘ಸೆಬೇಶಿಯಸ್ ಸಿಸ್ಟ್’ ಎಂದು ಬರೆದಿರುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಇದರಲ್ಲಿ ಕ್ಯಾನ್ಸರ್ ಕಾಣಿಸುವುದು ತೀರಾ ಅಪರೂಪ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ಆದರೆ ಡ್ರೆಸ್ಸಿಂಗ್ ಕೋಣೆಯಲ್ಲಿ ನಾವು ನೋಡುವ ನೋವು ಹೆಚ್ಚಾಗಿ ಗಂಟಿನದ್ದಲ್ಲ, ಅದನ್ನು ಮನೆಯಲ್ಲಿ ಹಿಸುಕಿ, ಚುಚ್ಚಿ, ಸುಣ್ಣ ಹಚ್ಚಿ ಕೆಡಿಸಿಕೊಂಡದ್ದು.

ಗಂಟಿನೊಳಗೆ ಇರುವುದೇನು?

ನಮ್ಮ ಚರ್ಮದ ಹೊರಪದರ ದಿನವೂ ಸವೆಯುತ್ತ, ಸತ್ತ ಜೀವಕೋಶಗಳನ್ನು ಹೊರಗೆ ಉದುರಿಸುತ್ತಿರುತ್ತದೆ. ಕೂದಲಿನ ಬುಡದ ರಂಧ್ರ ಕಟ್ಟಿಕೊಂಡಾಗ, ಅಥವಾ ಮುಳ್ಳು, ಸೂಜಿ ಚುಚ್ಚಿ ಚರ್ಮದ ಚೂರೊಂದು ಒಳಗೆ ಸಿಕ್ಕಿಕೊಂಡಾಗ, ಅದೇ ಹೊರಪದರ ಒಳಗೆ ಒಂದು ಚೀಲದಂತೆ ಬೆಳೆಯುತ್ತದೆ. ಹೊರಗೆ ಉದುರಬೇಕಾದದ್ದು ದಾರಿಯಿಲ್ಲದೆ ಚೀಲದೊಳಗೇ ತುಂಬುತ್ತ ಹೋಗುತ್ತದೆ. ಹಿಸುಕಿದಾಗ ಬೆಣ್ಣೆಯಂತೆ, ಕೆಟ್ಟ ವಾಸನೆಯೊಡನೆ ಬರುವ ಬಿಳಿ ವಸ್ತು ಇದೇ. ಅದು ಕೀವಲ್ಲ, ಕೊಬ್ಬೂ ಅಲ್ಲ. ಉಗುರು ಮತ್ತು ಕೂದಲಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ಅದರಲ್ಲಿ ಮುಖ್ಯ.

‘ಸೆಬೇಶಿಯಸ್’ ಎಂದರೆ ಚರ್ಮದ ಎಣ್ಣೆಗ್ರಂಥಿಗೆ ಸೇರಿದ್ದು ಎಂದರ್ಥ. ನಿಜವಾಗಿ ಈ ಗಂಟುಗಳಲ್ಲಿ ಹೆಚ್ಚಿನವು ಆ ಗ್ರಂಥಿಯಿಂದ ಹುಟ್ಟುವುದಿಲ್ಲ. ಹಾಗಾಗಿ ಪ್ರಯೋಗಾಲಯದ ವರದಿಯಲ್ಲಿ ‘ಎಪಿಡರ್ಮಾಯ್ಡ್ ಸಿಸ್ಟ್’ ಎಂದೋ, ತಲೆಯ ಗಂಟಾದರೆ ‘ಪಿಲಾರ್ ಸಿಸ್ಟ್’ ಎಂದೋ ಇದ್ದರೆ ಬೇರೆ ಕಾಯಿಲೆ ಬಂತೆಂದು ತಿಳಿಯಬೇಡಿ. ತಲೆಯ ಗಂಟುಗಳು ಕೆಲವು ಮನೆತನಗಳಲ್ಲಿ ತಾಯಿಗೆ, ಮಗನಿಗೆ, ಮೊಮ್ಮಗಳಿಗೆ ಹೀಗೆ ಸಾಲಾಗಿ ಬರುತ್ತವೆ. ಮೊಡವೆ ಹೆಚ್ಚಿರುವವರಲ್ಲಿಯೂ ಚರ್ಮದ ಗಂಟುಗಳು ಹೆಚ್ಚು. ರಕ್ತ ಕೆಟ್ಟಿದ್ದರಿಂದ ಬಂತು, ಬಜ್ಜಿ ಬೋಂಡ ತಿಂದದ್ದರಿಂದ ಬಂತು ಎಂಬ ಮಾತುಗಳಿಗೆ ಆಧಾರವಿಲ್ಲ.

ಗಂಟಿನ ನಡುವೆ ಒಂದು ಸಣ್ಣ ಕಪ್ಪು ಚುಕ್ಕೆ ಕಂಡರೆ ಅದು ಒಳ್ಳೆಯ ಗುರುತು. ಆ ರಂಧ್ರವೇ ಕಟ್ಟಿಕೊಂಡಿರುವುದು. ತಲೆಯ ಗಂಟಿನಲ್ಲಿ ಈ ಚುಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ. ಚರ್ಮದ ಕೆಳಗೆ ಮೆತ್ತಗೆ, ಬೆರಳಿಗೆ ಸಿಗದೆ ಜಾರುವ ಗಂಟು ಬಹುಶಃ ಕೊಬ್ಬಿನ ಗಂಟು. ಅದರ ವಿಚಾರ ಬೇರೆ.

ಹಿಸುಕಿದರೆ ಏನಾಗುತ್ತದೆ?

ಬಾವಿಯ ನೀರು ಸೇದಿ ಹಾಕಿದ ಮಾತ್ರಕ್ಕೆ ಸೆಲೆ ಬತ್ತುವುದಿಲ್ಲ. ಒಳಗಿನದ್ದು ಹೊರಬಂದರೂ ಚೀಲ ಅಲ್ಲೇ ಇರುತ್ತದೆ, ಕೆಲವು ತಿಂಗಳಲ್ಲಿ ಮತ್ತೆ ತುಂಬುತ್ತದೆ. ಚೀಲ ಒಳಗಡೆಗೇ ಒಡೆದರೆ ಇನ್ನೂ ಕಷ್ಟ. ಕೆರಾಟಿನ್ ಸುತ್ತಲಿನ ಮಾಂಸಕ್ಕೆ ಸೋರಿ ಜಾಗವೆಲ್ಲ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ಕಾಸಿದ ಸೂಜಿ, ಬ್ಲೇಡು ಬಳಸಿದರೆ ಸೋಂಕು ಸೇರುತ್ತದೆ. ಸುಣ್ಣ-ಬೆಲ್ಲದ ಪಟ್ಟು ಹಾಕಿದರೆ ಮೇಲಿನ ಚರ್ಮ ಸುಡುತ್ತದೆ, ಕೆಳಗಿನ ಚೀಲಕ್ಕೆ ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಆಟವಲ್ಲ. ಬೆನ್ನಿನ ಒಂದು ಸಣ್ಣ ಗಂಟಿನಿಂದ ಅಂಗೈ ಅಗಲದ ಹುಣ್ಣಾಗಿ ವಾರಗಟ್ಟಲೆ ಡ್ರೆಸ್ಸಿಂಗ್ ಬೇಕಾಗಬಹುದು.

ಗಂಟಿನ ಸುತ್ತ ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಕಣ್ಣಿನ ಬಳಿ ಊದಿದರೆ ಅದೇ ದಿನ ಬನ್ನಿ. ಬೇಗ ಬೆಳೆಯುವ, ಕಲ್ಲಿನಂತೆ ಗಟ್ಟಿಯಾದ, ಅಲುಗದ, ರಕ್ತ ಸೋರುವ ಗಂಟನ್ನು ಹಾಗೂ ಸ್ತನ, ಕಂಕುಳು, ಕತ್ತಿನ ಮುಂಭಾಗದ ಯಾವುದೇ ಗಂಟನ್ನು ನೀವೇ ‘ಸಿಸ್ಟ್’ ಎಂದು ತೀರ್ಮಾನಿಸಬೇಡಿ. ಚಿಕ್ಕ ಮಗುವಿನ ಮೂಗಿನ ಬುಡದಲ್ಲಿ ಅಥವಾ ತಲೆಯ ನಡುಗೆರೆಯಲ್ಲಿ ಗಂಟಿದ್ದರೆ ಅದನ್ನು ಯಾರೂ ಚುಚ್ಚಬಾರದು. ಅಂಥ ಗಂಟು ಹುಟ್ಟಿನಿಂದಲೇ ಇದ್ದು ತಲೆಬುರುಡೆಯ ಒಳಗಿನವರೆಗೂ ಹೋಗಿರಬಹುದು. ಮೊದಲು ಸ್ಕ್ಯಾನ್ ಆಗಬೇಕು. ಅಪರೂಪಕ್ಕೆ, ಎಳೆಯ ವಯಸ್ಸಿನಲ್ಲೇ ಮೈಮೇಲೆ ಹಲವು ಗಂಟುಗಳು ಬಂದು, ಮನೆಯಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಚಿಕಿತ್ಸೆ

ಸಣ್ಣದಾಗಿ, ನೋವಿಲ್ಲದೆ ಇರುವ ಗಂಟನ್ನು ಹಾಗೆಯೇ ಬಿಡಬಹುದು. ಬಾಚಣಿಗೆಗೆ ತಗಲುವುದು, ಕ್ಷೌರದಲ್ಲಿ ಕೊಯ್ಯುವುದು, ಶಿವದಾರ ಅಥವಾ ಸರ ಉಜ್ಜುವುದು, ಪದೇ ಪದೇ ಊದುವುದು ಇದ್ದರೆ ತೆಗೆಸಿಕೊಳ್ಳುವುದು ಲೇಸು. ಮಾತ್ರೆಯಿಂದಾಗಲಿ ಮುಲಾಮಿನಿಂದಾಗಲಿ ಚೀಲ ಕರಗುವುದಿಲ್ಲ. ಗಂಟಿನ ಜಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚೀಲವನ್ನು ಪೂರ್ತಿಯಾಗಿ ಬಿಡಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ, ಅದೇ ದಿನ ಮನೆಗೆ ಹೋಗಬಹುದು. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ಆದರೆ ನೀವಾಗಿಯೇ ನಿಲ್ಲಿಸಬೇಡಿ.

ಕೀವಾದ ಗಂಟಿಗೆ ಮಾತ್ರ ಎರಡು ಹಂತ ಬೇಕಾಗುತ್ತದೆ. ಮೊದಲು ಕೊಯ್ದು ಕೀವು ತೆಗೆಯುತ್ತಾರೆ, ಅಗತ್ಯವಿದ್ದರೆ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಊತ ಪೂರ್ತಿ ಇಳಿದು ಕೆಲವು ವಾರಗಳಾದ ಮೇಲೆ ಚೀಲ ತೆಗೆಯುತ್ತಾರೆ. ‘ಒಂದೇ ಸಲ ಮಾಡದೆ ಎರಡು ಸಲ ಯಾಕೆ ಕರೀತೀರಿ?’ ಎಂದು ಸಂಶಯದಿಂದ ಕೇಳುವವರಿದ್ದಾರೆ. ಕೇಳುವುದು ಸರಿಯೇ. ಊದಿರುವಾಗ ಚೀಲದ ಗೋಡೆ ಜಾಳಾಗಿ ಸುತ್ತಲಿನ ಮಾಂಸಕ್ಕೆ ಅಂಟಿರುತ್ತದೆ, ಎಳೆದರೆ ಹರಿಯುತ್ತದೆ. ಒಂದು ಚೂರು ಉಳಿದರೂ ಗಂಟು ಮತ್ತೆ ಬರಬಹುದು. ಕೀವು ಹೋಗಿ ನೋವು ನಿಂತ ಕೂಡಲೇ ಎರಡನೆಯ ಸಲಕ್ಕೆ ಬಾರದೆ ಉಳಿದವರಲ್ಲಿ ಹಲವರು ಅದೇ ಗಂಟಿನೊಡನೆ ಪುನಃ ಬರುತ್ತಾರೆ.

ಆಪರೇಷನ್ನಿನ ನಂತರ ಮೊದಲ ಒಂದೆರಡು ದಿನ ಪಟ್ಟಿ ಒದ್ದೆಯಾಗಬಾರದು. ಹೊಲಿಗೆಯ ಮೇಲೆ ಅರಿಶಿನ, ವಿಭೂತಿ, ಕೊಬ್ಬರಿ ಎಣ್ಣೆ ಯಾವುದನ್ನೂ ಹಚ್ಚಬೇಡಿ. ಗಾಯ ಹಣೆಯ ಮೇಲಿದ್ದರೆ ವಿಭೂತಿಯನ್ನು ಸ್ವಲ್ಪ ಪಕ್ಕಕ್ಕೆ ಧರಿಸಿದರಾಯಿತು. ಹೊಲಿಗೆಯನ್ನು ಮುಖದಲ್ಲಿ ಸುಮಾರು 5ರಿಂದ 7 ದಿನಕ್ಕೆ, ತಲೆಯಲ್ಲಿ 7ರಿಂದ 10 ದಿನಕ್ಕೆ, ಬೆನ್ನಿನಲ್ಲಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ. ಬೆನ್ನಿನ ಗಾಯ ಇರುವವರು ಅಷ್ಟು ದಿನ ಮೂಟೆ ಹೊರಬಾರದು, ಬಾವಿಯಿಂದ ನೀರು ಸೇದಬಾರದು.

ತೆಗೆದ ಗಂಟನ್ನು ಸಣ್ಣ ಡಬ್ಬಿಯಲ್ಲಿ ಹಾಕಿ ಪರೀಕ್ಷೆಗೆ ಕಳಿಸಿದ್ದರೆ, ಹೊಲಿಗೆ ಬಿಚ್ಚಿಸಲು ಬಂದ ದಿನ ಆ ವರದಿಯನ್ನು ಕೇಳಿ ಪಡೆಯಿರಿ. ವೈದ್ಯರಿಗೆ ತೋರಿಸಿದ ಮೇಲೆ ನಿಮ್ಮ ಹಳೆಯ ಚೀಟಿಗಳ ಜೊತೆ ಇಟ್ಟುಕೊಳ್ಳಿ.