ಬೆಳೆಯುವ ಸಿರಿ ಮೊಳಕೆಯಲ್ಲಿ: ಪ್ರೌಢಶಾಲಾ ಮಕ್ಕಳ ಮುಂದಾಳುತನದಲ್ಲಿ ಊರಿನ ಬೀಜ ಪರೀಕ್ಷೆ

ಮುಂಗಾರು ಮಳೆ ಬಿದ್ದು, ಭೂಮಿ ಹದಕ್ಕೆ ಬಂದು, ಕೂರಿಗೆ ಹೂಡಿ ಬಿತ್ತಿದ ಎಂಟು ಹತ್ತು ದಿನಗಳಾದರೂ ಸಾಲಿನಲ್ಲಿ ಪೈರು ಕಾಣದಿದ್ದರೆ ರೈತನಿಗೆ ಆಗುವ ನಷ್ಟ ಬೀಜದ ಬೆಲೆಯೊಂದೇ ಅಲ್ಲ. ಉಳುಮೆಯ ಖರ್ಚು, ಗೊಬ್ಬರ, ಕೂಲಿ ಇವೆಲ್ಲವೂ ಹೋಗುತ್ತವೆ. ಇವೆಲ್ಲಕ್ಕಿಂತ ಹೆಚ್ಚಾಗಿ ಮಳೆಯ ಹದ ಕೈಬಿಟ್ಟು ಹೋಗುತ್ತದೆ. ಎರಡನೆಯ ಸಲ ಬಿತ್ತಲು ಬೀಜವನ್ನು ಸಾಲ ಮಾಡಿಯಾದರೂ ತರಬಹುದು. ಹೋದ ಹದವನ್ನು ಯಾರೂ ಸಾಲ ಕೊಡುವುದಿಲ್ಲ.

ಇಂತಹ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಲ್ಲ ಒಂದು ಸುಲಭ ಉಪಾಯವಿದೆ. ಬಿತ್ತುವುದಕ್ಕೆ ಹದಿನೈದು ಇಪ್ಪತ್ತು ದಿನ ಮೊದಲು ನೂರು ಬೀಜಗಳನ್ನು ಎಣಿಸಿ ಮೊಳಕೆ ಕಟ್ಟಿ ನೋಡುವುದೇ ಆ ಉಪಾಯ. ಇದು ಹೆಚ್ಚಿನ ರೈತರಿಗೆ ತಿಳಿದಿರುವ ವಿಷಯವೇ. ಆದರೆ ಬಿತ್ತನೆಯ ಮುನ್ನಿನ ಗಡಿಬಿಡಿಯಲ್ಲಿ ಉಳುಮೆ, ಗೊಬ್ಬರ, ಸಾಲದ ಓಡಾಟಗಳ ನಡುವೆ ಕುಳಿತು ಬೀಜ ಎಣಿಸಲು ಪುರುಸೊತ್ತು ಇರುವುದಿಲ್ಲ. ಊರಿನಲ್ಲಿ ಈ ಕೆಲಸಕ್ಕೆ ತಾಳ್ಮೆ, ಲೆಕ್ಕ ಮತ್ತು ಸಮಯ ಮೂರೂ ಉಳ್ಳವರು ಒಬ್ಬರಿದ್ದಾರೆ. ಅವರೇ ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿ ವಿದ್ಯಾರ್ಥಿನಿಯರು.

ಶಾಲೆಯ ಮಕ್ಕಳಿಂದ ಸೇವೆ: ಹಳೆಯ ವಿಚಾರ

ವಿಸ್ತರಣಾ ಸೇವೆಯ ಚರಿತ್ರೆಯಲ್ಲಿ ಮಕ್ಕಳಿಗೆ ದೊಡ್ಡ ಸ್ಥಾನವಿದೆ. 1902ರ ಜನವರಿ 15ರಂದು ಅಮೆರಿಕದ ಒಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ಎ.ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಬಾಲಕ ಬಾಲಕಿಯರ ಕೃಷಿ ಸಂಘವೊಂದನ್ನು ಆರಂಭಿಸಿದರು. ಮಕ್ಕಳು ಲಿಟ್ಮಸ್ ಕಾಗದದಿಂದ ತಮ್ಮ ಹೊಲದ ಮಣ್ಣಿನ ಹುಳಿಗುಣವನ್ನು ನೋಡಿದರು. ಆರಿಸಿದ ಮುಸುಕಿನ ಜೋಳದ ಬೀಜವನ್ನು ಬಿತ್ತಿ ಬೆಳೆದರು. ಮುಂದೆ ‘ಫೋರ್ ಎಚ್’ ಎಂದು ಹೆಸರಾದ ಸಂಘಗಳು ಇಂತಹ ಪ್ರಯತ್ನಗಳಿಂದಲೇ ಬೆಳೆದವು. ಅಲ್ಲಿಯ ಸರ್ಕಾರ ಕೃಷಿ ವಿಸ್ತರಣೆಗೆ ಕಾಯಿದೆಯ ಆಧಾರ ಕೊಟ್ಟದ್ದು 1914ರಲ್ಲಿ. ಎಂದರೆ ಮಕ್ಕಳ ಸಂಘ ಕಾಯಿದೆಗಿಂತ ಹನ್ನೆರಡು ವರ್ಷ ಹಿರಿದು.

ನಮ್ಮ ದೇಶದಲ್ಲಿಯೂ 1964-66ರ ಕೊಠಾರಿ ಶಿಕ್ಷಣ ಆಯೋಗವು ಕಾರ್ಯಾನುಭವ ಮತ್ತು ಸಮಾಜ ಸೇವೆ ಶಿಕ್ಷಣದ ಅಂಗವಾಗಿರಬೇಕೆಂದು ಹೇಳಿತು. 1969ರಲ್ಲಿ ಗಾಂಧಿ ಜನ್ಮಶತಾಬ್ದಿಯ ಸಂದರ್ಭದಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಶಾಲೆಗಳಲ್ಲಿ ಸಮಾಜೋಪಯೋಗಿ ಉತ್ಪಾದಕ ಕಾರ್ಯಕ್ಕೆ ಸ್ಥಾನವಿರಬೇಕೆಂದು ಶಿಫಾರಸು ಮಾಡಿತು.

ಆದರೆ ಸೇವೆಯೆಂದರೆ ವರ್ಷಕ್ಕೊಮ್ಮೆ ಬೀದಿ ಗುಡಿಸಿ, ಭಾವಚಿತ್ರ ತೆಗೆಸಿಕೊಂಡು, ಉಪ್ಪಿಟ್ಟು ತಿಂದು ಹೊರಡುವುದು ಎಂಬಂತೆ ಆಗಬಾರದು. ಮಕ್ಕಳು ಮಾಡಿದ ಕೆಲಸದ ಉತ್ತರಕ್ಕಾಗಿ ಊರಿನಲ್ಲಿ ಯಾರಾದರೂ ಕಾದಿರಬೇಕು. ಆಗ ಮಾತ್ರ ಅದು ಸೇವೆ. ‘ನನ್ನ ಶೇಂಗಾ ಬೀಜ ಬಿತ್ತಲು ಬರುತ್ತದೆಯೇ?’ ಎಂಬ ಪ್ರಶ್ನೆ ಅಂತಹದು.

ತಂಡದ ರಚನೆ

ಎಂಟು ಮತ್ತು ಒಂಬತ್ತನೆಯ ತರಗತಿಯವರು ಈ ಕೆಲಸಕ್ಕೆ ಸೂಕ್ತ. ಹತ್ತನೆಯ ತರಗತಿಯವರಿಗೆ ಪರೀಕ್ಷೆಯ ಹೊರೆ ಇರುವುದರಿಂದ ಅವರು ಸಲಹೆ ಕೊಟ್ಟರೆ ಸಾಕು. ಹುಡುಗರು ಹುಡುಗಿಯರು ಸೇರಿ ಐದೈದು ಜನರ ತಂಡಗಳಾಗಲಿ. ಒಬ್ಬರು ಸಂಚಾಲಕರು, ಒಬ್ಬರು ಮಾದರಿ ತರುವವರು, ಇಬ್ಬರು ಬೀಜ ಎಣಿಸಿ ಕಟ್ಟುವವರು, ಒಬ್ಬರು ದಾಖಲೆ ಬರೆಯುವವರು. ಸಂಚಾಲಕರನ್ನು ಮಕ್ಕಳೇ ಆರಿಸಿಕೊಳ್ಳಲಿ. ಯಾವ ಬೀದಿ ಮೊದಲು, ಯಾವ ಬೆಳೆ ಮೊದಲು ಎಂಬುದನ್ನೂ ಅವರೇ ತೀರ್ಮಾನಿಸಲಿ.

ಇಲ್ಲಿ ಉಪಾಧ್ಯಾಯರ ಪಾತ್ರ ಸೂಕ್ಷ್ಮವಾದದ್ದು. ಮೊದಲ ಸಲ ವಿಧಾನವನ್ನು ತೋರಿಸಿಕೊಡುವುದು, ಎಣಿಕೆಯ ದಿನ ಜೊತೆಗಿದ್ದು ತಪ್ಪು ತಿದ್ದುವುದು ಅವರ ಕೆಲಸ. ಎಲ್ಲವನ್ನೂ ತಾವೇ ಹೇಳಿ ಮಾಡಿಸಿದರೆ ಮಕ್ಕಳು ಆಳುಗಳಾಗುತ್ತಾರೆಯೇ ಹೊರತು ಮುಂದಾಳುಗಳಾಗುವುದಿಲ್ಲ. ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಕೃಷಿ ಕಾಲೇಜಿನ ವಿದ್ಯಾರ್ಥಿಗಳು ಊರಿಗೆ ಬಂದಿದ್ದರೆ ಅವರ ನೆರವನ್ನೂ ಪಡೆಯಬಹುದು.

ಯಾವಾಗ ಮಾಡಬೇಕು?

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ ರೋಹಿಣಿ ಮಳೆ ನಡೆದಿರುತ್ತದೆ. ಮಳೆಯಾಶ್ರಯದ ರಾಗಿಯ ಬಿತ್ತನೆ ಬಹುಪಾಲು ಜುಲೈನಲ್ಲಿ. ಆದ್ದರಿಂದ ರಾಗಿಗೆ ಬೇಕಾದಷ್ಟು ಸಮಯವಿದೆ. ಶೇಂಗಾ ಮತ್ತು ಸೋಯಾ ಅವರೆಗೆ ಸಮಯ ಕಡಿಮೆ. ಶಾಲೆ ತೆರೆದ ಮೊದಲ ವಾರವೇ ಇವುಗಳ ಮಾದರಿ ತರಬೇಕು. ಹಿಂಗಾರಿ ಜೋಳ, ಕಡಲೆಗಳ ಪರೀಕ್ಷೆಯನ್ನು ಸೆಪ್ಟೆಂಬರಿನಲ್ಲಿ, ದಸರಾ ರಜೆಗೆ ಮೊದಲೇ ಮುಗಿಸಬೇಕು.

ಮೊದಲ ಗಮನ ಯಾವ ಬೀಜಕ್ಕೆ? ಶೇಂಗಾ ಮತ್ತು ಸೋಯಾ ಅವರೆ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುವ ಬೀಜಗಳು. ಶೇಂಗಾವನ್ನು ಕಾಯಿಯ ರೂಪದಲ್ಲಿಯೇ ಇಟ್ಟು ಬಿತ್ತನೆ ಹತ್ತಿರ ಬಂದಾಗ ಸುಲಿಯಬೇಕು. ಬಹು ಮೊದಲೇ ಸುಲಿದಿಟ್ಟ ಬೀಜ ಕೆಡುತ್ತದೆ. ಸೋಯಾ ಅವರೆಯ ಸಿಪ್ಪೆ ತೆಳು. ಒಕ್ಕಣೆಯಲ್ಲಿ ಪೆಟ್ಟು ಬಿದ್ದರೆ ಹೊರಗೆ ಕಾಣದಂತೆ ಒಳಗೆ ಹಾಳಾಗುತ್ತದೆ. ಒಣಗಿಸಿ ಜೋಪಾನವಾಗಿಟ್ಟ ರಾಗಿ ಅಷ್ಟು ಬೇಗ ಕೆಡುವುದಿಲ್ಲ.

ಪರೀಕ್ಷೆಯ ವಿಧಾನ

1. ಮಾದರಿ: ಚೀಲದ ಮೇಲ್ಭಾಗದಿಂದ ಒಂದು ಹಿಡಿ ತಂದರೆ ಸಾಲದು. ಮೇಲೆ, ನಡುವೆ, ಕೆಳಗೆ ಮೂರೂ ಕಡೆಯಿಂದ ತೆಗೆದು ಬೆರೆಸಬೇಕು. ಮನೆಯವರು ದಪ್ಪ ದಪ್ಪ ಕಾಳನ್ನೇ ಆರಿಸಿ ಕೊಡಬಹುದು. ಹಾಗೆ ಮಾಡದಂತೆ ವಿನಯದಿಂದ ಹೇಳಬೇಕು. ಬಿತ್ತುವ ಬೀಜ ಹೇಗಿದೆಯೋ ಹಾಗೆಯೇ ಪರೀಕ್ಷೆಗೆ ಬರಬೇಕು.

2. ಎಣಿಕೆ: ಕಣ್ಣು ಮುಚ್ಚಿ ತೆಗೆದಂತೆ, ಆರಿಸದೆ, 100 ಬೀಜ ಎಣಿಸಿ 50ರಂತೆ ಎರಡು ಭಾಗ ಮಾಡಬೇಕು.

3. ಕಟ್ಟುವುದು: ಸಣ್ಣ ಬೀಜಗಳನ್ನು ತೊಳೆದ ಹತ್ತಿ ಬಟ್ಟೆಯ ಮೇಲೆ ಒಂದಕ್ಕೊಂದು ತಗುಲದಂತೆ ಸಾಲಾಗಿ ಇಟ್ಟು, ಮೇಲೊಂದು ಒದ್ದೆ ಬಟ್ಟೆ ಮುಚ್ಚಿ, ಸಡಿಲವಾಗಿ ಸುರುಳಿ ಸುತ್ತಬೇಕು. ಶೇಂಗಾ, ಮುಸುಕಿನ ಜೋಳ, ಕಡಲೆಯಂತಹ ದಪ್ಪ ಬೀಜಗಳಿಗೆ ತೊಳೆದ ಮರಳು ತುಂಬಿದ ತಟ್ಟೆ ಉತ್ತಮ; ಬೀಜದ ಮೇಲೆ ಒಂದೆರಡು ಸೆಂಟಿಮೀಟರ್ ಮರಳು ಮುಚ್ಚಿದರೆ ಸಾಕು. ಬಟ್ಟೆ ಹಿಂಡಿದರೆ ನೀರು ಸುರಿಯಬಾರದು. ನೀರು ಹೆಚ್ಚಾದರೆ ಒಳ್ಳೆಯ ಬೀಜವೂ ಉಸಿರುಗಟ್ಟಿ ಕೊಳೆಯುತ್ತದೆ. ನೆರಳಿನಲ್ಲಿಟ್ಟು ದಿನವೂ ತೇವ ನೋಡಬೇಕು.

4. ಗುರುತು: ಪ್ರತಿಯೊಂದು ಸುರುಳಿಗೂ ಸಂಖ್ಯೆ, ಬೆಳೆ ಮತ್ತು ದಿನಾಂಕ ಬರೆದ ಚೀಟಿ ಕಟ್ಟಬೇಕು. ರೈತರ ಹೆಸರು ದಾಖಲೆ ಪುಸ್ತಕದಲ್ಲಿ ಮಾತ್ರ ಇರಲಿ.

5. ಕೊನೆಯ ಎಣಿಕೆ: ಬೇರು ಮತ್ತು ಚಿಗುರು ಎರಡೂ ನೆಟ್ಟಗೆ ಬೆಳೆದ ಸಹಜ ಮೊಳಕೆಗಳನ್ನು ಮಾತ್ರ ಎಣಿಸಬೇಕು. ಬೇರಿಲ್ಲದ್ದು, ಮುರುಟಿದ್ದು, ಬೂಷ್ಟು ಹಿಡಿದು ಕೊಳೆತದ್ದು ಲೆಕ್ಕಕ್ಕೆ ಬಾರದು. ‘ಮೂತಿ ಒಡೆದಿದೆ’ ಎಂದು ಎಣಿಸಿಬಿಡುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಎಣಿಕೆಯ ದಿನ ಮತ್ತು ಪ್ರಮಾಣಿತ ಬೀಜಕ್ಕೆ ಗೊತ್ತುಪಡಿಸಿರುವ ಕನಿಷ್ಠ ಮೊಳಕೆ ಪ್ರಮಾಣ ಹೀಗಿದೆ:

ರಾಗಿ: 8ನೆಯ ದಿನ, ಶೇಕಡ 75
ಜೋಳ: 10ನೆಯ ದಿನ, ಶೇಕಡ 75
ಭತ್ತ: 14ನೆಯ ದಿನ, ಶೇಕಡ 80
ಮುಸುಕಿನ ಜೋಳ: 7ನೆಯ ದಿನ, ಶೇಕಡ 90
ಶೇಂಗಾ: 10ನೆಯ ದಿನ, ಶೇಕಡ 70
ಸೋಯಾ ಅವರೆ: 8ನೆಯ ದಿನ, ಶೇಕಡ 70
ಅಲಸಂದೆ: 8ನೆಯ ದಿನ, ಶೇಕಡ 75
ಕಡಲೆ: 8ನೆಯ ದಿನ, ಶೇಕಡ 85

ಹೊಸದಾಗಿ ಕೊಯ್ದ ಭತ್ತ ಮತ್ತು ಸೂರ್ಯಕಾಂತಿ ಬೀಜಗಳಿಗೆ ಕೆಲಕಾಲ ಸುಪ್ತಾವಸ್ಥೆ ಇರುತ್ತದೆ. ಆಗ ಮೊಳಕೆ ಬರಲಿಲ್ಲವೆಂದು ಬೀಜ ಸತ್ತಿದೆಯೆಂದು ತಿಳಿಯಬಾರದು. ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು.

ಫಲಿತಾಂಶ ಬಂದ ಮೇಲೆ

ಗೊತ್ತುಪಡಿಸಿದ ಪ್ರಮಾಣಕ್ಕಿಂತ ಮೊಳಕೆ ಸ್ವಲ್ಪ ಕಡಿಮೆಯಿದ್ದರೆ ಬೀಜದ ತೂಕವನ್ನು ಹೆಚ್ಚಿಸಿ ಬಿತ್ತಬಹುದು. ಲೆಕ್ಕ ಸುಲಭ. ಶಿಫಾರಸು ಮಾಡಿದ ಬೀಜದ ತೂಕವನ್ನು ಕನಿಷ್ಠ ಪ್ರಮಾಣದಿಂದ ಗುಣಿಸಿ, ಬಂದ ಮೊಳಕೆಯಿಂದ ಭಾಗಿಸಬೇಕು. ಉದಾಹರಣೆಗೆ, ಎಕರೆಗೆ 40 ಕಿಲೋ ಶೇಂಗಾ ಬೀಜ ಬಿತ್ತುವ ರೈತರ ಬೀಜದಲ್ಲಿ 56 ಮಾತ್ರ ಮೊಳೆತಿದ್ದರೆ 40ನ್ನು 70ರಿಂದ ಗುಣಿಸಿ 56ರಿಂದ ಭಾಗಿಸಿದಾಗ 50 ಕಿಲೋ ಬರುತ್ತದೆ. ಹತ್ತು ಕಿಲೋ ಹೆಚ್ಚು ಬೇಕೆಂದಾಯಿತು. ಈ ಲೆಕ್ಕವನ್ನು ಎಂಟನೆಯ ತರಗತಿಯ ಮಗು ಮನೆಯ ಜಗಲಿಯ ಮೇಲೆ ಕುಳಿತು ಅಜ್ಜನಿಗೆ ಮಾಡಿ ತೋರಿಸಬಲ್ಲದು.

ಮೊಳಕೆ ಅರ್ಧಕ್ಕಿಂತ ಕಡಿಮೆಯಾದರೆ ಬೀಜ ಹೆಚ್ಚಿಸುವುದರಲ್ಲಿ ಅರ್ಥವಿಲ್ಲ. ಅಂತಹ ಬೀಜದಲ್ಲಿ ಮೊಳೆತ ಸಸಿಗಳೂ ಬಲಹೀನವಾಗಿರುವ ಸಂಭವ ಹೆಚ್ಚು. ಬೇರೆ ಬೀಜವನ್ನು ಹುಡುಕುವುದೇ ಲೇಸು. ಬಿತ್ತನೆಗೆ ಇನ್ನೂ ಹತ್ತು ದಿನವಿದ್ದಾಗ ಈ ಮಾತು ತಿಳಿದರೆ ರೈತ ಸಂಪರ್ಕ ಕೇಂದ್ರಕ್ಕೋ ನೆಂಟರ ಮನೆಗೋ ಹೋಗಿ ತರಲು ಅವಕಾಶವಿರುತ್ತದೆ. ಪರೀಕ್ಷೆಯ ಪ್ರಯೋಜನವೆಲ್ಲ ಈ ಹತ್ತು ದಿನಗಳಲ್ಲಿದೆ.

ನೂರು ಬೀಜಗಳ ಪರೀಕ್ಷೆಯಲ್ಲಿ ಐದಾರು ಬೀಜಗಳ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಆದ್ದರಿಂದ 68 ಬಂದವರ ಬೀಜ ಕೆಟ್ಟದ್ದು, 72 ಬಂದವರದು ಒಳ್ಳೆಯದು ಎಂದು ತೀರ್ಪು ಕೊಡಬಾರದು. ಗಡಿಯ ಮೇಲಿರುವ ಮಾದರಿಯನ್ನು ಇನ್ನೊಮ್ಮೆ ಕಟ್ಟಿ ನೋಡಬೇಕು. ಎರಡು ಭಾಗಗಳ ನಡುವೆಯೇ ಬಹಳ ಅಂತರ ಕಂಡರೂ ಹೀಗೆಯೇ ಮಾಡಬೇಕು.

ಪಾಲಿಸಬೇಕಾದ ನಿಯಮಗಳು

ಮೊದಲನೆಯದಾಗಿ, ಔಷಧಿ ಲೇಪಿಸಿದ, ಬಣ್ಣ ಹಚ್ಚಿದ ಬೀಜವನ್ನು ಮಕ್ಕಳು ಮುಟ್ಟಬಾರದು. ರೈತರು ಮನೆಯಲ್ಲಿಟ್ಟ, ಲೇಪನವಿಲ್ಲದ ಬೀಜದ ಪರೀಕ್ಷೆ ಮಾತ್ರ ಅವರಿಗಿರಲಿ. ಶಿಲೀಂಧ್ರನಾಶಕದ ಬೀಜೋಪಚಾರ ದೊಡ್ಡವರ ಕೆಲಸ. ಶೇಂಗಾಕ್ಕೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಲೇಪಿಸುವಂತೆ ಮಕ್ಕಳು ನೆನಪಿಸಬಹುದು; ಲೇಪಿಸುವ ಕೈ ರೈತರದೇ ಆಗಿರಲಿ.

ಎರಡನೆಯದಾಗಿ, ಅಂಗಡಿಯಿಂದ ತಂದ ಬೀಜದ ಚೀಲದ ಮೇಲಿನ ಚೀಟಿಯನ್ನು ಮಕ್ಕಳು ಓದಿ ಹೇಳಲಿ. 1966ರ ಬೀಜ ಕಾಯಿದೆಯಂತೆ ಅಧಿಸೂಚಿತ ತಳಿಗಳ ಬೀಜ ಮಾರುವಾಗ ಚೀಟಿಯಲ್ಲಿ ಮೊಳಕೆ ಪ್ರಮಾಣ, ಪರೀಕ್ಷೆಯ ದಿನಾಂಕ ಮುಂತಾದ ವಿವರಗಳಿರಬೇಕು. ಅವಧಿ ಮುಗಿದಿದ್ದರೆ ಕೊಳ್ಳದಿರುವುದು ಕ್ಷೇಮ. ಕೊಂಡಾಗಿದ್ದರೆ ರಸೀತಿಯನ್ನೂ ಚೀಟಿಯನ್ನೂ ಎತ್ತಿಟ್ಟುಕೊಳ್ಳಬೇಕು. ಶಾಲೆಯ ಪರೀಕ್ಷೆ ಕಾನೂನಿನ ಸಾಕ್ಷ್ಯವಲ್ಲ. ದೂರು ಕೊಡುವುದಿದ್ದರೆ ಬೀಜ ಪರಿವೀಕ್ಷಕರ ಮೂಲಕ ಸರ್ಕಾರದ ಬೀಜ ಪರೀಕ್ಷಾ ಪ್ರಯೋಗಾಲಯದ ವರದಿ ಬೇಕು.

ಮೂರನೆಯ ನಿಯಮ ಎಲ್ಲಕ್ಕಿಂತ ಮುಖ್ಯ. ಒಬ್ಬರ ಬೀಜದ ಫಲಿತಾಂಶವನ್ನು ಇನ್ನೊಬ್ಬರಿಗೆ ಹೇಳಬಾರದು. ಪಂಚಾಯಿತಿ ಹಲಗೆಯ ಮೇಲೆ ಹೆಸರು ಹಾಕಿ ಬರೆಯಬಾರದು. ಬೀಜ ಕೆಟ್ಟಿತೆಂಬುದು ರೈತನಿಗೆ ಮಾನದ ಪ್ರಶ್ನೆ. ಊರಿನ ಮುಂದೆ ಒಬ್ಬರಿಗೆ ಅವಮಾನವಾದರೆ ಮರುವರ್ಷ ಯಾವ ಮನೆಯ ಬಾಗಿಲೂ ಈ ಮಕ್ಕಳಿಗೆ ತೆರೆಯುವುದಿಲ್ಲ. ‘ಅಜ್ಜಾ, ನಿಮ್ಮ ಬೀಜದಲ್ಲಿ ನೂರಕ್ಕೆ 48 ಮೊಳೆತಿದೆ, ಇನ್ನೊಂದು ಚೀಲವಿದ್ದರೆ ಅದನ್ನೂ ನೋಡೋಣ’ ಎಂದು ಮನೆಗೆ ಹೋಗಿ ಮೆಲ್ಲಗೆ ಹೇಳಬೇಕು. ಸುಳ್ಳು ಹೇಳಬಾರದು, ನೋಯಿಸಲೂ ಬಾರದು. ಮುಂದಾಳುತನದ ಪಾಠವೆಂದರೆ ಇದೇ.

ಹೊಲವಿಲ್ಲದ ಮನೆಯ ಮಕ್ಕಳನ್ನು ಹಿಂದೆ ಬಿಡಬಾರದು. ಬೀಜ ಎಣಿಸಲು ಹೊಲ ಬೇಕಿಲ್ಲ. ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರ ಮಗಳು ದಾಖಲೆ ಪುಸ್ತಕ ಹಿಡಿದು ಊರಿನ ದೊಡ್ಡ ರೈತರಿಗೆ ಫಲಿತಾಂಶ ತಿಳಿಸುವಾಗ ಅವಳೂ ಬೆಳೆಯುತ್ತಾಳೆ, ಊರೂ ಬೆಳೆಯುತ್ತದೆ.

ಓದಿಗೆ ತೊಂದರೆಯಾಗದೇ?

ಕೆಲವು ತಂದೆತಾಯಿಯರು ‘ಓದುವುದನ್ನು ಬಿಟ್ಟು ಇದೇನು?’ ಎಂದು ಕೇಳುವುದುಂಟು. ದಿನಕ್ಕೆ ಅರ್ಧ ಗಂಟೆಯಂತೆ ಹದಿನೈದು ದಿನಗಳ ಕೆಲಸವಿದು. ಶೇಕಡಾವಾರು ಲೆಕ್ಕ, ಸರಾಸರಿ, ಬೀಜದ ರಚನೆ ಇವೆಲ್ಲ ಪಠ್ಯಪುಸ್ತಕದಲ್ಲಿಯೇ ಇರುವ ವಿಷಯಗಳು. ಪುಸ್ತಕದಲ್ಲಿ ಓದಿದ ಶೇಕಡವನ್ನು ಮಕ್ಕಳು ಮರೆಯಬಹುದು. ತಮ್ಮ ಮನೆಯ ಬೀಜದ ಶೇಕಡವನ್ನು ಮರೆಯಲಾರರು.

ದಾಖಲೆ ಪುಸ್ತಕವನ್ನು ಶಾಲೆಯಲ್ಲಿಯೇ ಕಾಪಾಡಬೇಕು. ಬಿತ್ತನೆಯಾದ ಮೇಲೆ ತಂಡದವರು ಐದಾರು ಹೊಲಗಳಿಗೆ ಹೋಗಿ, ಒಂದು ಮೀಟರ್ ಸಾಲಿನಲ್ಲಿ ಎಷ್ಟು ಸಸಿಗಳಿವೆಯೆಂದು ನಾಲ್ಕಾರು ಕಡೆ ಎಣಿಸಿ ಪರೀಕ್ಷೆಯೊಡನೆ ಹೋಲಿಸಲಿ. ಹೊಲದಲ್ಲಿ ಸಂಖ್ಯೆ ಕಡಿಮೆಯಾಗಿದ್ದರೆ ಬೀಜ ಆಳಕ್ಕೆ ಬಿದ್ದಿತೇ, ಹೆಪ್ಪು ಕಟ್ಟಿತೇ, ಇರುವೆ ಹೊತ್ತಿತೇ ಎಂದು ರೈತರೊಡನೆ ಕುಳಿತು ವಿಚಾರಿಸಲಿ. ಎರಡು ಮೂರು ವರ್ಷ ಹೀಗೆ ನಡೆದರೆ, ಯಾವ ರೀತಿಯಲ್ಲಿ ಕೂಡಿಟ್ಟ ಬೀಜ ಚೆನ್ನಾಗಿ ಉಳಿಯುತ್ತದೆ ಎಂಬ ತಿಳಿವಳಿಕೆ ಊರಿಗೇ ಸಿಗುತ್ತದೆ.

ರೈತ ಬಾಂಧವರು ಮಾಡಬೇಕಾದದ್ದು ಇಷ್ಟೇ. ಮಕ್ಕಳು ಮಾದರಿ ಕೇಳಲು ಬಂದಾಗ ‘ನಿನಗೇನು ಗೊತ್ತು’ ಎಂದು ಕಳುಹಿಸದೆ, ಚೀಲ ಬಿಚ್ಚಿ ತಳದವರೆಗೆ ಕೈಹಾಕಿ ಒಂದು ಬೊಗಸೆ ಬೀಜ ಕೊಡಿ. ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಒಂದು ಪ್ರೌಢಶಾಲೆಯನ್ನು ಆರಿಸಿಕೊಂಡು, ಶಾಲೆ ತೆರೆದ ವಾರದಲ್ಲಿಯೇ ಮುಖ್ಯೋಪಾಧ್ಯಾಯರನ್ನು ಕಂಡು ಮಾತನಾಡಿರಿ. ಮರಳು, ಹಳೆಯ ಬಟ್ಟೆ, ನೀರು ಮತ್ತು ಒಂದು ದಾಖಲೆ ಪುಸ್ತಕ ಇದ್ದರೆ ಈ ವರ್ಷವೇ ಕೆಲಸ ಆರಂಭಿಸಬಹುದು.