ಹಳೆಯ ಯೆಜ್ಡಿ ಬೈಕಿನ ಆಯಿಲ್ ಲೆಕ್ಕ

ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿ ಬೈಕುಗಳನ್ನು ಇಂದಿಗೂ ಓಡಿಸುವವರಿದ್ದಾರೆ. ಅಂಥವರೂ, ಅದರ ಸದ್ದಿಗೆ ಮರುಳಾಗಿ ಹಳೆಯದೊಂದನ್ನು ಕೊಳ್ಳಹೊರಟವರೂ ಆಯಿಲ್ ವಿಚಾರ ಸರಿಯಾಗಿ ತಿಳಿದಿರಬೇಕು.

ಇವು ಎರಡು ಸ್ಟ್ರೋಕಿನ ಎಂಜಿನ್‌ಗಳು. (2018ರ ನಂತರ ಜಾವಾ ಹೆಸರಿನಲ್ಲಿ ಬಂದವು ನಾಲ್ಕು ಸ್ಟ್ರೋಕಿನವು, ಅವುಗಳ ಲೆಕ್ಕ ಬೇರೆ.) ಗೇರ್ ಪೆಟ್ಟಿಗೆಗೆ ಪ್ರತ್ಯೇಕ ಆಯಿಲ್ ಉಂಟು. ಆದರೆ ಪಿಸ್ಟನ್ನಿಗೆ ಸಿಗುವುದು ಪೆಟ್ರೋಲಿನೊಂದಿಗೆ ಬೆರೆಸಿದ ಆಯಿಲ್ ಮಾತ್ರ. ಲೀಟರಿಗೆ 40 ಮಿಲಿಲೀಟರ್, ಅಂದರೆ 25ಕ್ಕೆ 1, ಸಾಮಾನ್ಯ ಅಳತೆ. ಕಣ್ಣಂದಾಜು ಬೇಡ. ಹೆಚ್ಚಾದರೆ ಹೊಗೆ, ಸೈಲೆನ್ಸರಿನಲ್ಲಿ ಮಸಿ. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಂಡು ಓಡುತ್ತಿರುವಾಗಲೇ ಹಿಂದಿನ ಚಕ್ರ ನಿಂತುಬಿಡಬಹುದು. ಆಗ ಕೂಡಲೇ ಕ್ಲಚ್ ಹಿಡಿಯಬೇಕು.

ಘಟ್ಟ ಇಳಿಯುವಾಗ ಈ ಅಪಾಯ ಹೆಚ್ಚು. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಒಳಹೋಗುವ ಪೆಟ್ರೋಲು ಮಾತ್ರ ಅತ್ಯಲ್ಪ, ಆಯಿಲೂ ಅಷ್ಟೇ. ಆಗಾಗ್ಗೆ ಒಂದು ಕ್ಷಣ ಆಕ್ಸಿಲರೇಟರನ್ನು ತುಸು ತಿರುವುತ್ತಿರಿ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ ಮಾಡಿ ಇಳಿಸುವ ಚಟ ಇನ್ನೂ ಕೆಟ್ಟದ್ದು. ಡ್ರಮ್ ಬ್ರೇಕು ಕಾದು ಹಿಡಿತ ತಪ್ಪುತ್ತದೆ.

ಮಳೆಗಾಲದಲ್ಲಿ ಬೈಕನ್ನು ಬಹುದಿನ ನಿಲ್ಲಿಸುವುದಾದರೆ ಟ್ಯಾಂಕು, ಕಾರ್ಬುರೇಟರ್ ಎರಡನ್ನೂ ಬರಿದು ಮಾಡಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ವಾಷರುಗಳನ್ನೂ ಹಾಳುಮಾಡುತ್ತದೆ. ಬರಿದಾದ ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಸ್ವಲ್ಪ ಆಯಿಲ್ ಸುರಿದು, ಒಳಗೆಲ್ಲ ತಾಗುವಂತೆ ಅಲ್ಲಾಡಿಸಿಡಿ.