ಸೆಕೆಯಲ್ಲಿ ದೂರದ ಓಟ: ನೀರು ಎಷ್ಟು, ಉಪ್ಪು ಎಷ್ಟು?

ಬೆಳಗ್ಗೆ ಆರು ಗಂಟೆಗೆ ಬಿಜೈ, ಕಾಪಿಕಾಡ್ ರಸ್ತೆಗಳಲ್ಲಿ ಈಗ ನಡೆಯುವವರ ಜೊತೆ ಓಡುವವರೂ ಕಾಣಸಿಗುತ್ತಾರೆ. ಹತ್ತಿರದ ಮಂಗಳಾ ಕ್ರೀಡಾಂಗಣದಿಂದ ಮ್ಯಾರಥಾನ್ ಹೊರಡತೊಡಗಿದ ಮೇಲೆ 10 ಅಥವಾ 21 ಕಿ.ಮೀ. ಓಡಬೇಕೆಂಬ ಹುಮ್ಮಸ್ಸು ಹಲವರಲ್ಲಿದೆ. ಇದು ಒಳ್ಳೆಯದೇ. ಆದರೆ ನಮ್ಮ ಊರಿನ ಸೆಕೆಯಲ್ಲಿ ಓಡುವವರು ಬೆವರಿನ ಲೆಕ್ಕ ತಿಳಿದಿರಬೇಕು.

ಬೆವರು ಆರಬೇಕು

ಬೆವರು ಸುರಿದರೆ ಮೈ ತಂಪಾಗುವುದಿಲ್ಲ, ಬೆವರು ಆರಿದರೆ ಮಾತ್ರ ತಂಪಾಗುತ್ತದೆ. ಒಂದು ಲೀಟರ್ ಬೆವರು ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗದಿರಲು ಇರುವ ಕಾರಣವೇ ಇಲ್ಲಿಯೂ ಇದೆ. ಬೆವರು ತೊಟ್ಟಿಕ್ಕಿ ನೆಲ ಸೇರುತ್ತದೆ. ನೀರೂ ಹೋಯಿತು, ಶಾಖವೂ ಉಳಿಯಿತು.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಾಜಾರೊ ಸುಡುಬಿಸಿಲಿನ ಮ್ಯಾರಥಾನ್‌ನಲ್ಲಿ ಕುಸಿದು ಮರುದಿನ ಮೃತಪಟ್ಟರು. ಬಿಸಿಲಿನಿಂದ ರಕ್ಷಣೆಗೆಂದು ಅವರು ಮೈಗೆ ಜಿಡ್ಡು ಬಳಿದುಕೊಂಡಿದ್ದರೆಂದು, ಅದರಿಂದ ಮೈ ಬೆವರಲು ತಡೆಯಾಯಿತೆಂದು ಹೇಳಲಾಗುತ್ತದೆ.

ನೀರು ಕಡಿಮೆಯಾದಾಗ

ಓಡುವಾಗ ಗಂಟೆಗೆ ಅರ್ಧದಿಂದ ಎರಡು ಲೀಟರ್‌ವರೆಗೆ ಬೆವರು ಹೋಗಬಹುದು. ಆಗ ರಕ್ತದ ಪ್ರಮಾಣ ತಗ್ಗುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಚರ್ಮಕ್ಕೆ ಹರಿಯುವ ರಕ್ತ ಕಡಿಮೆಯಾಗಿ ಮೈ ಇನ್ನಷ್ಟು ಬಿಸಿಯಾಗುತ್ತದೆ. ದೇಹದ ತೂಕದ ಶೇ. 2ಕ್ಕಿಂತ ಹೆಚ್ಚು, ಅಂದರೆ 60 ಕಿಲೋ ತೂಕದವರಲ್ಲಿ 1.2 ಲೀಟರ್‌ಗಿಂತ ಹೆಚ್ಚು ನೀರು ಹೋದರೆ ಓಟದ ಶಕ್ತಿ ಕುಂದುತ್ತದೆ. ತಲೆನೋವು, ತಲೆಸುತ್ತು, ಒಣಗಿದ ಬಾಯಿ, ಗಾಢ ಹಳದಿ ಮೂತ್ರ ಇದರ ಲಕ್ಷಣಗಳು.

2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನೆರೆಯ ಕೇರಳದ ಓ.ಪಿ. ಜೈಶಾ ಮ್ಯಾರಥಾನ್ ಮುಗಿಸಿದೊಡನೆ ಕುಸಿದು ಬಿದ್ದರು. ದಾರಿಯಲ್ಲಿ ತನಗೆ ಬೇಕಾದಷ್ಟು ನೀರು ಸಿಗಲಿಲ್ಲವೆಂದು ಅವರು ಹೇಳಿದರು. ಅಥ್ಲೆಟಿಕ್ಸ್ ಒಕ್ಕೂಟ ಅದನ್ನು ನಿರಾಕರಿಸಿತು.

ಅತಿಯಾದರೆ ನೀರೂ ವಿಷ

ಹಾಗಾದರೆ ಸಿಕ್ಕಲ್ಲೆಲ್ಲ ಕುಡಿಯುವುದೇ? ಅದೂ ಅಪಾಯ. ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬಾಯಾರಿಕೆಗಿಂತ ಹೆಚ್ಚು ನೀರು ತುಂಬಿಸಿದರೆ ರಕ್ತದ ಸೋಡಿಯಂ ತೆಳುವಾಗಿ ಮೆದುಳು ಊದಿಕೊಳ್ಳಬಹುದು. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಅದೇ ಓಟದಲ್ಲಿ 28 ವರ್ಷದ ಮಹಿಳೆಯೊಬ್ಬರು ಇದೇ ಕಾರಣದಿಂದ ಮೃತಪಟ್ಟರು. ವಾಂತಿ, ತಲೆನೋವು, ಗೊಂದಲ, ಬೆರಳುಗಳು ಊದಿಕೊಂಡು ಉಂಗುರ ಬಿಗಿಯಾಗುವುದು ಇದರ ಸೂಚನೆಗಳು.

ನಿಮ್ಮ ಲೆಕ್ಕ ನೀವೇ ಮಾಡಿ

ಅಭ್ಯಾಸದ ದಿನ ಓಟದ ಮೊದಲು ಮತ್ತು ನಂತರ, ಬೆವರು ಒರೆಸಿ ತೂಕ ನೋಡಿ. 60 ಕಿಲೋ ಇದ್ದವರು ಒಂದು ಗಂಟೆ ಓಡಿ, ನಡುವೆ ಅರ್ಧ ಲೀಟರ್ ಕುಡಿದು, 59.2 ಕಿಲೋ ಆದರೆ ಹೋದ ಬೆವರು ಸುಮಾರು 1.3 ಲೀಟರ್. ಅದನ್ನೆಲ್ಲ ಓಡುತ್ತಲೇ ತುಂಬಿಸಬೇಕಾಗಿಲ್ಲ. ಬಾಯಾರಿದಾಗ ಸ್ವಲ್ಪ ಸ್ವಲ್ಪವಾಗಿ ಕುಡಿದರೆ ಸಾಕು. ತೂಕ ಹೆಚ್ಚಾಗಿದ್ದರೆ ನೀವು ಕುಡಿದದ್ದು ಅತಿಯಾಯಿತು.

ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ದೀರ್ಘ ಓಟಕ್ಕೆ ಅದೊಂದೇ ಸಾಲದು. ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ತಿಳಿ, ಮಜ್ಜಿಗೆ ಅಥವಾ ಓಆರ್‌ಎಸ್ ಸೇವಿಸಬಹುದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ರಂಝಾನ್‌ನಲ್ಲಿ ಉಪವಾಸಿಗರು ಹಗಲಿನ ದೀರ್ಘ ಓಟವನ್ನು ಬಿಡಬೇಕು. ಇಫ್ತಾರ್ ಆಗಿ ನೀರು, ಆಹಾರ ಮೈಗೆ ಹತ್ತಿದ ಮೇಲೆ ಹಗುರವಾಗಿ ಓಡಿ. ಸಹರಿಯಲ್ಲಿ ಒಮ್ಮೆಲೇ ಕುಡಿಯದೆ ರಾತ್ರಿಯಿಡೀ ಹಂಚಿ ಕುಡಿಯಿರಿ.

ಜ್ವರ, ಭೇದಿಯಿಂದ ಈಗಷ್ಟೇ ಚೇತರಿಸಿಕೊಂಡವರು ಓಡಬಾರದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳಬೇಕು. ಓಟದ ಮೊದಲು ನೋವು ನಿವಾರಕ ಮಾತ್ರೆ ನುಂಗುವುದು ಮೂತ್ರಪಿಂಡಕ್ಕೆ ಹಾನಿಕರ.

ಯಾರಾದರೂ ಕುಸಿದರೆ

ಓಟಗಾರ ತೊದಲುತ್ತಿದ್ದರೆ, ಅಡ್ಡಾದಿಡ್ಡಿ ನಡೆದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ ಅದು ಶಾಖಾಘಾತವಿರಬಹುದು. ಬೆವರು ಇಳಿಯುತ್ತಿದ್ದರೂ ಸುಮ್ಮನಿರಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯದೆ ಆಗಲೇ ತಂಪು ಮಾಡಲು ಶುರು ಮಾಡಿ. ನೆರಳಿಗೆ ತನ್ನಿ, ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸಿ. ಮಂಜುಗಡ್ಡೆ ಇದ್ದರೆ ಕುತ್ತಿಗೆ, ಕಂಕುಳಿಗೆ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಶಾಖಾಘಾತದಲ್ಲಿ ಮೊದಲ ಅರ್ಧ ಗಂಟೆಯೊಳಗೆ ಮೈ ತಂಪಾದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು.

ಓಟಕ್ಕೆ ಹೊರಡುವವರಷ್ಟೇ ಅಲ್ಲ, ದಾರಿಯಲ್ಲಿ ನೀರು ಹಿಡಿದು ನಿಲ್ಲುವ ಸ್ವಯಂಸೇವಕರೂ ಮನೆಯವರೂ ಇದನ್ನು ತಿಳಿದಿರಲಿ. ತಲೆ ತಿರುಗಿದಾಗ ಓಟ ನಿಲ್ಲಿಸುವುದು ಸೋಲಲ್ಲ. ಮುಂದಿನ ವಾರ ಮತ್ತೆ ಓಡಬಹುದು.